ಆದೇಶಕ್ಕೆ ಮೊದಲೇ ತೆಗೆದ ಜವಳ

ಅಥವಾ ಮಗಳ ಆ ಕೂದಲು ಗುಂಗುರಾಗಿ ಇರಲೇ ಇಲ್ಲವೇನೋ. ದತ್ತು ಕಡತದಲ್ಲಿದ್ದ ಫೋಟೋ ನೋಡಿ ನೋಡಿ ನಾನೇ ಹಾಗೆ ನೆನಪು ಮಾಡಿಕೊಂಡಿರಬಹುದು. ಅಂಗೈಗೆ ಮೆತ್ತಗಿತ್ತು ಎಂಬುದನ್ನಷ್ಟೇ ನಂಬುತ್ತೇನೆ.

ದತ್ತು ಕೇಂದ್ರದವರು ಒಂದೂವರೆ ವರ್ಷದ ಹೆಣ್ಣುಮಗುವನ್ನು ಹೊನ್ನಾಳಿಯ ನಮ್ಮ ಮನೆಗೆ ಕೊಟ್ಟು ಕಳಿಸಿದ್ದರು. ಜಿಲ್ಲಾಧಿಕಾರಿಯ ಆದೇಶ ಬರುವವರೆಗೆ ಅವಳು ನಮ್ಮಲ್ಲಿ ಬೆಳೆಯುತ್ತಾಳೆ, ಕಾಗದದಲ್ಲಿ ಇನ್ನೂ ನಮ್ಮವಳಲ್ಲ. ಏನಾದರೂ ಸರಿಕಾಣದಿದ್ದರೆ ವಾಪಸು ಕರೆದೊಯ್ಯಬಹುದು. ಇದನ್ನು ಅತ್ತೆಗೆ ಎರಡು ಸಲ ಬಿಡಿಸಿ ಹೇಳಿದ್ದೆ.

ಆದರೂ ನಾನು ಕೆಲಸಕ್ಕೆ ಹೋಗಿದ್ದ ಒಂದು ಸೋಮವಾರ ಅವರು ಸಾಸ್ವೆಹಳ್ಳಿಯಿಂದ ನನ್ನ ತಮ್ಮನನ್ನು ಕರೆಸಿಕೊಂಡು, ಜಗಳೂರು ಕಡೆಯ ಮನೆದೇವರ ಗುಡಿಗೆ ಹೋದರು. ಅಲ್ಲಿ ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿ ಜವಳ, ಅಂದರೆ ಹುಟ್ಟಿದಾಗಿನ ಮೊದಲ ಕೂದಲು, ತೆಗೆಸಿಕೊಂಡು ಬಂದರು.

ಅದೇ ಗುರುವಾರ ಕೇಂದ್ರದ ಮೇಡಂ ಮನೆ ನೋಡಲು ಬಂದರು. ಕಡತ ನೋಡಿದರು, ಮಗುವನ್ನು ನೋಡಿದರು, ಮತ್ತೆ ಕಡತ ನೋಡಿದರು.

“ಫೋಟೋದಾಗೆ ತಲೆ ತುಂಬ ಕೂದ್ಲು ಐತಲ್ರಿ?”

“ಜವಳ ತೆಗೆಸಿದ್ವಿ,” ಅಂದರು ಅತ್ತೆ.

“ಆದೇಶ ಬರೋಕ್ಕಿಂತ ಮುಂಚೆ ಇವೆಲ್ಲ ಮಾಡಾಕೆ ಹೋಗಬಾರ್ದಮ್ಮ. ಇದೇ ಮಗು ಅಂತ ನಾನ್ ಹೆಂಗೆ ಬರೀಲಿ?”

“ಕೂದ್ಲು ನೋಡಿ ಮಗು ಕೊಟ್ಟಿದ್ರೇನ್ರಿ? ಬೇಕಾದ್ರೆ ಮುಂದಿನ್ಸಲ ಬರೋದ್ರೊಳಗೆ ಬೆಳೆಸಿ ತೋರಿಸ್ತೀನಿ, ಬಿಡ್ರಿ.”

ನಾನು ಮಗುವನ್ನು ಸೊಂಟಕ್ಕೆ ಎಷ್ಟು ಬಿಗಿಯಾಗಿ ಒತ್ತಿಕೊಂಡಿದ್ದೆನೆಂದರೆ ಅದು ಅಳತೊಡಗಿತು. ಮೇಡಂ ನಕ್ಕರೇ? ನಕ್ಕರು ಎಂದು ತಮ್ಮ ಹೇಳುತ್ತಾನೆ. ಅವತ್ತು ಅವನು ಅಲ್ಲಿರಲೇ ಇಲ್ಲ. ಮೇಡಂ ಮಗುವಿನ ಕಿವಿಯ ಹಿಂದಿನ ಮಚ್ಚೆಯನ್ನು ಕಡತದೊಂದಿಗೆ ತಾಳೆ ನೋಡಿ, ಏನೋ ಬರೆದುಕೊಂಡು ಹೋದರು. ಆದೇಶ ಬರುವವರೆಗೆ ಗೇಟಿನ ಸದ್ದಾದಾಗಲೆಲ್ಲ ನಾನು ಮಗುವಿನ ತಲೆಗೆ ಟೋಪಿ ಹಾಕುತ್ತಿದ್ದೆ.

ಆದೇಶ ಬಂತು. ಅವತ್ತು ಸಿಹಿ ತಿನ್ನುತ್ತಾ ತಮ್ಮ ಬಾಯಿಬಿಟ್ಟ.

“ಅಕ್ಕಾ, ಕ್ಷೌರ ಮಾಡೋನು ಅವತ್ತೇ ಅಂದಿದ್ದ. ಇದು ಮೊದ್ಲನೇ ಕೂದ್ಲಲ್ಲ, ಯಾರೋ ಒಂದ್ಸಲ ತೆಗೆಸ್ಯಾರೆ ಅಂತ. ನಿಮ್ಮತ್ತೆ, ‘ಸುಮ್ನೆ ಕತ್ತಿ ಆಡ್ಸಪ್ಪ’ ಅಂದ್ರು.”

ಅತ್ತೆಯನ್ನು ಕೇಳಿದೆ. “ನಮ್ ದೇವ್ರಿಗೆ ಇದೇ ಮೊದ್ಲು,” ಅಂದು ಮಗುವಿನ ಬಾಯಿ ಒರೆಸಿದರು.

ಹಾಗಾದರೆ ಮೊದಲ ಸಲ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಯಾರು? ಯಾವ ದೇವರಿಗೆ ಹರಕೆ? ಅಥವಾ ಕೇಂದ್ರದಲ್ಲಿ ಹೇನಾಗಿತ್ತೆಂದು ಬೋಳಿಸಿದ್ದರೇ? ಕ್ಷೌರದವನೇ ತಪ್ಪು ತಿಳಿದಿರಬಹುದು. ಕಡತದಲ್ಲಿ ಹುಡುಕಿದೆ, ಅದರಲ್ಲಿಲ್ಲ. ನನಗೆ ಗೊತ್ತಿಲ್ಲ.