ಗೋಡೆಯಾಚೆ ನಾನಿದ್ದೆನಂತೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಲಾಗ್ ಇದೆಯಾ?" ಎನ್ನುವುದು. ಕಂಪ್ಯೂಟರುಗಳ ಜೊತೆ ಬದುಕುವವರ ಚಟ ಅದು. ಯಂತ್ರದೊಳಗೆ ಏನೇ ನಡೆದರೂ ಅದು ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ದಾಖಲಾಗಿಲ್ಲ ಎಂದರೆ ನಡೆದೇ ಇಲ್ಲ ಎಂದರ್ಥ. ನನ್ನ ಸೋದರತ್ತೆ ಒಬ್ಬರು, ತೀರಿಕೊಂಡ ಮಾವ ಕನಸಿನಲ್ಲಿ ಬಂದು ಬೀರುವಿನ ಬೀಗದಕೈ ಎಲ್ಲಿದೆ ಎಂದು ತಿಳಿಸಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಪ್ರತಿಸಲವೂ ನಗುತ್ತಿದ್ದೆ. ಈಗ ನನ್ನ ಬಳಿಯೂ ಒಂದು ಕಥೆಯಿದೆ, ಅದಕ್ಕೆ ಲಾಗ್ ಇಲ್ಲ. ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಆಗ ನಾನು ಕಂಪನಿಯ ಕೆಲಸ ಬಿಟ್ಟು, ಮಲ್ಲೇಶ್ವರದಲ್ಲಿ ಮಹಡಿ ಮೇಲಿನ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಇದ್ದುಕೊಂಡು, ನಾಲ್ಕಾರು ಸಣ್ಣ ಸಂಸ್ಥೆಗಳ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದೆ. ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ನನ್ನ ಮದುವೆ ಅದಕ್ಕೂ ಮೊದಲೇ ಮುರಿದುಬಿದ್ದಿತ್ತು. ಕೆಲವು ದಿನ ಸಂಜೆ ಹಾಲಿನ ಅಂಗಡಿಯಲ್ಲಿ ಬಾಯಿ ತೆರೆದಾಗ, ಬೆಳಗಿನಿಂದ ಇದೇ ನನ್ನ ಮೊದಲ ಮಾತು ಎಂದು ಗೊತ್ತಾಗುತ್ತಿತ್ತು.

ನನ್ನ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಸರ್ವರ್ ಎಂದರೆ ಹಗಲೂ ರಾತ್ರಿ ನಿಲ್ಲದೆ ಓಡುವ ಕಂಪ್ಯೂಟರು. ಅದಕ್ಕೆ ಹೊರೆ ಹೆಚ್ಚಾಗಿದೆಯೇ, ಮೆಮೊರಿ ಸಾಲದಾಗಿದೆಯೇ, ಡಿಸ್ಕ್ ತುಂಬಿದೆಯೇ ಎಂದು ಆಗಾಗ ವಿಚಾರಿಸುತ್ತಿರಬೇಕು. ಹಾಗೆ ವಿಚಾರಿಸುವುದಕ್ಕೆಂದೇ ನಾನು ಪುಟ್ಟ ಪುಟ್ಟ ಶೆಲ್ ಸ್ಕ್ರಿಪ್ಟುಗಳನ್ನು, ಅಂದರೆ ಕೆಲವೇ ಸಾಲಿನ ಪ್ರೋಗ್ರಾಮುಗಳನ್ನು, ಬರೆಯುತ್ತಿದ್ದೆ. ಪ್ಲಗಿನ್ ಎನ್ನುತ್ತೇವೆ. ಒಂದೊಂದು ಪ್ಲಗಿನ್ನೂ ಯಂತ್ರಕ್ಕೆ ಒಂದೇ ಪ್ರಶ್ನೆ ಕೇಳಿ, ಒಂದೇ ಸಾಲಿನ ಉತ್ತರವನ್ನು ನನ್ನ ಮೊಬೈಲಿಗೆ ಕಳಿಸುತ್ತದೆ. ಎಲ್ಲ ಸರಿಯಿದ್ದರೆ 'ಓಕೆ', ಸ್ವಲ್ಪ ಎಡವಟ್ಟಾಗಿದ್ದರೆ 'ವಾರ್ನಿಂಗ್', ಕೈಮೀರಿದ್ದರೆ 'ಕ್ರಿಟಿಕಲ್'. ಪ್ರಶ್ನೆ ಕೇಳಲಿಕ್ಕೇ ಆಗದೆ ಹೋದರೆ 'ಅನ್‌ನೋನ್', ಅಂದರೆ 'ಗೊತ್ತಿಲ್ಲ'.

ತೊಂದರೆಯಾದಾಗ ಮಾತ್ರ ಸಂದೇಶ ಬಂದರೆ ಸಾಕು, ವಾಡಿಕೆಯೂ ಹಾಗೇ. ನಾನು ಮಾತ್ರ ಎಲ್ಲ ಯಂತ್ರಗಳೂ ಬೆಳಿಗ್ಗೆ ಒಂದು ಸಲ 'ಓಕೆ' ಎಂದು ಕಳಿಸುವಂತೆ ಮಾಡಿಕೊಂಡಿದ್ದೆ. ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ. ಎದ್ದ ಕೂಡಲೇ ಫೋನಿನಲ್ಲಿ ಏನಾದರೂ ಬಂದಿರಲಿ ಎನ್ನಿಸುತ್ತಿತ್ತು, ಅಷ್ಟೇ.

ಆ ಸಂಸ್ಥೆಗಳಲ್ಲಿ ಒಂದು ಚಾಮರಾಜಪೇಟೆಯ ಹಳೆಯ ಮನೆಯೊಂದರಲ್ಲಿದ್ದ ಟ್ರಸ್ಟು. ಹರಿಕಥೆ, ಗಮಕ, ಭಜನೆಗಳ ಹಳೆಯ ಟೇಪುಗಳನ್ನು ಕೂಡಿಹಾಕಿ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಹಿಂಭಾಗದ ಕೋಣೆಯಲ್ಲಿ ಸರ್ವರು, ಅದಕ್ಕೆ ಅಂಟಿಕೊಂಡಂತೆ ಟೇಪುಗಳ ಕೋಣೆ. ಹಿಂದೆ ಅದು ಆ ಮನೆಯವರ ಉಗ್ರಾಣವಾಗಿತ್ತಂತೆ. ದಪ್ಪ ಗೋಡೆ, ಕಿಟಕಿಯಿಲ್ಲ, ಮೇಲೆ ಒಂದು ಸಣ್ಣ ಗವಾಕ್ಷಿ. ಬಾಗಿಲಿಗೆ ಹೊರಗಡೆಯಿಂದ ಕಬ್ಬಿಣದ ಅಗಣಿ. ಬಾಗಿಲು ಜೋರಾಗಿ ಬಡಿದುಕೊಂಡರೆ ಅದು ತಾನಾಗಿ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಹೋಗುವವರು ಹೊಸ್ತಿಲ ಬಳಿ ಒಂದು ಸ್ಟೂಲ್ ಇಟ್ಟು ಹೋಗುತ್ತಿದ್ದರು.

ಅಲ್ಲಿಗೆ ನಾಗರತ್ನಮ್ಮ ಎನ್ನುವವರು ಬರುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಬಸವನಗುಡಿಯಲ್ಲಿ ಒಬ್ಬರೇ ಇದ್ದರು. ಟೇಪುಗಳನ್ನು ಕೇಳಿ, ಹಾಡಿದವರು ಯಾರು, ಪದ್ಯ ಯಾವುದು ಎಂದು ಗುರುತಿಸುವುದು ಅವರ ಕೆಲಸ. ನಾನು ಹೋದಾಗ ಹೆಡ್‌ಫೋನಿನ ಒಂದು ಕಿವಿಯನ್ನು ಸರಿಸಿ, "ಚೆನ್ನಾಗಿದೀರಾ?" ಎನ್ನುತ್ತಿದ್ದರು. "ಚೆನ್ನಾಗಿದೀನಿ ಮೇಡಂ" ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನಾವು ಮಾತಾಡಿದವರಲ್ಲ. ಮುಂದಿನದನ್ನು ಓದುವಾಗ ಇದೊಂದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಗಣೇಶನ ಹಬ್ಬದ ಹೊತ್ತು. ಚಾಮರಾಜಪೇಟೆಯ ಡಿಸ್ಕ್ ಕೆಲವು ವಾರಗಳಿಂದ ನಿಧಾನವಾಗಿತ್ತು. ಕೇಳಿದ್ದನ್ನು ಕೊಡುವ ಮುಂಚೆ ಅದು ಎಷ್ಟು ಹೊತ್ತು ಕಾಯಿಸುತ್ತದೆ ಎಂದು ಅಳೆಯಲು ನಾನು ಹೊಸದೊಂದು ಪ್ಲಗಿನ್ ಬರೆಯುತ್ತಿದ್ದೆ. 'ಕಾಯುವಿಕೆ' ಎಂದೇ ಅದಕ್ಕೆ ಹೆಸರಿಟ್ಟಿದ್ದೆ. ಅದಿನ್ನೂ ಅರ್ಧವಾಗಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ಹಬ್ಬದ ದಿನ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿನಲ್ಲಿಟ್ಟೆ. ಕೆಳಗಿನ ಮನೆಯವರು ತಟ್ಟೆಯಲ್ಲಿ ಕಡುಬು, ಕೋಸಂಬರಿ ಕೊಟ್ಟುಹೋದರು. ತಿಂದು ಮಲಗಿದೆ.

ಮಾರನೆಯ ದಿನ ಮಧ್ಯಾಹ್ನ ತಟ್ಟೆ ತೊಳೆಯುತ್ತಿದ್ದಾಗ ಫೋನ್ ಸದ್ದಾಯಿತು. ಕೈ ಒರೆಸಿಕೊಂಡು ನೋಡಿದೆ. "ಚಾಮರಾಜಪೇಟೆ: ಕಾಯುವಿಕೆ: ಅನ್‌ನೋನ್."

ಮೊದಲು ನನಗೆ ಆಶ್ಚರ್ಯವೂ ಆಗಲಿಲ್ಲ. ಬರೆಯುವಾಗ ಪರೀಕ್ಷೆಗೆಂದು ಕಳಿಸಿದ್ದು ಎಲ್ಲೋ ಸಿಕ್ಕಿಕೊಂಡು ಈಗ ಬಂದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬಂತು. ಲ್ಯಾಪ್‌ಟಾಪ್ ತೆರೆದು ಸರ್ವರಿನೊಳಗೆ ಹೋಗಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಕಾಯುವಿಕೆ ಎನ್ನುವ ಪ್ಲಗಿನ್ ಅಲ್ಲಿ ಇರಲೇ ಇಲ್ಲ. ಇಲ್ಲ ಎಂದು ನೋಡುತ್ತಿರುವಾಗಲೇ ಫೋನಿನಲ್ಲಿ ಇನ್ನೊಮ್ಮೆ ಅದೇ ಸಾಲು ಮೂಡಿತು.

'ಅನ್‌ನೋನ್' ಬಂದರೆ ಯಾರೂ ಎದ್ದು ಓಡುವುದಿಲ್ಲ. ನಾಳೆ ನೋಡೋಣ ಎಂದು ಬಿಡುವಂಥದ್ದು ಅದು. ಆದರೂ ನಾನು ಹೊರಟೆ. ಯಾವುದೋ ಶಕ್ತಿ ಎಳೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ಮನೆಗೆ ನೆಂಟರು ಬಂದಿದ್ದರು, ಮಕ್ಕಳು ಮೆಟ್ಟಿಲ ಮೇಲೆಲ್ಲ ಓಡಾಡುತ್ತಿದ್ದರು, ಆ ಗದ್ದಲದ ತಲೆಯ ಮೇಲೆ ಒಬ್ಬಳೇ ಕುಳಿತಿರುವುದು ನನಗೆ ಬೇಡವಾಗಿತ್ತು. ಹೋಗಲಿಕ್ಕೆ ಒಂದು ನೆಪ ಸಿಕ್ಕಿತು.

ಮೆಟ್ರೊ ಹತ್ತಿ ಮಾರ್ಕೆಟಿನಲ್ಲಿ ಇಳಿದು, ಬಾಡಿದ ಹೂವು, ಬಾಳೆಕಂದುಗಳ ರಾಶಿ ದಾಟಿಕೊಂಡು ನಡೆದೆ. ಟ್ರಸ್ಟಿನ ಎದುರಿಗೇ ಬೀದಿಯವರು ಗಣೇಶನನ್ನು ಕೂರಿಸಿದ್ದರು. ಕಂಬಕ್ಕೆ ಕಟ್ಟಿದ ಸ್ಪೀಕರುಗಳಿಂದ ಎದೆ ನಡುಗುವಷ್ಟು ಜೋರಾಗಿ ಹಾಡು ಬರುತ್ತಿತ್ತು. ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಸೀದಾ ಸರ್ವರಿನ ಕೋಣೆಗೆ ಹೋದೆ. ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು. ಹಸಿರು ದೀಪಗಳು ಮಿನುಗುತ್ತಿದ್ದವು. ಮಾಡಲು ಏನೂ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುವುದು ಎಂದುಕೊಂಡು ಬ್ಯಾಗ್ ಎತ್ತಿಕೊಂಡೆ.

ಅಷ್ಟರಲ್ಲಿ ಹೊರಗೆ ಮಂಗಳಾರತಿಗೆಂದು ಹಾಡು ನಿಲ್ಲಿಸಿದರು. ಆಗ ಗೋಡೆಯಾಚೆಯಿಂದ ಯಾರೋ ಮಾತಾಡುತ್ತಿರುವುದು ಕೇಳಿಸಿತು. ಕೂಗಾಟವಲ್ಲ, ನರಳಾಟವೂ ಅಲ್ಲ. ಎದುರಿಗೆ ಕುಳಿತವರೊಡನೆ ಊಟದ ಮೇಲೆ ಆಡುವಂಥ ಮಾತು. "ಹಾಗಲ್ಲ, ಗೊಜ್ಜಿಗೆ ಬೆಲ್ಲ ಕೊನೇಲಿ ಹಾಕ್ಬೇಕು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಯಾರದೋ ಉತ್ತರ ಕೇಳಿಸಿಕೊಳ್ಳುವಂತೆ ಒಂದು ಮೌನ.

ಓಡಿಹೋಗಿ ನೋಡಿದೆ. ಸ್ಟೂಲ್ ಉರುಳಿಬಿದ್ದಿತ್ತು, ಅಗಣಿ ಬಿದ್ದಿತ್ತು. ಎತ್ತಿ ಬಾಗಿಲು ತೆಗೆದರೆ ನಾಗರತ್ನಮ್ಮ ನೆಲದ ಮೇಲೆ, ಸರ್ವರಿನ ಕೋಣೆಯ ಗೋಡೆಗೆ ಒರಗಿ ಕುಳಿತಿದ್ದರು. ಮೊಣಕಾಲ ಕೆಳಗೆ ಸೀರೆಗೆ ರಕ್ತ ಅಂಟಿ ಒಣಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಒಳಗೆ ಇನ್ಯಾರೂ ಇರಲಿಲ್ಲ. ಅವರು ನನ್ನನ್ನು ನೋಡಿ ಬೆರಗಾಗಲಿಲ್ಲ, ಅಳಲಿಲ್ಲ.

"ಬಂದ್ರಾ, ಅಂತೂ ಬಾಗಿಲು ಸಿಕ್ತು" ಎಂದರು.

ಬೀದಿಯ ಇಬ್ಬರು ಗಂಡಸರು ಎತ್ತಿ ಆಟೋದಲ್ಲಿ ಕೂರಿಸಿದರು. ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವರಿಗೆ ಎಚ್ಚರ ತಪ್ಪುತ್ತ ಬಂದಿತ್ತು. ಕಬ್ಬಿಣ ತಗಲಿ ಆದ ಗಾಯದಂತಿದೆ, ನಂಜೇರಿದೆ, ಕೂಡಲೇ ಇಂಜೆಕ್ಷನ್ ಶುರುಮಾಡಬೇಕು ಎಂದರು ಡಾಕ್ಟರು. ನರ್ಸ್ ನನ್ನ ಕಡೆ ತಿರುಗಿ, "ಇವ್ರಿಗೆ ಯಾವ್ದಾದ್ರೂ ಔಷಧಿ ಆಗಲ್ವಾ?" ಎಂದು ಕೇಳಿದಳು.

"ಪೆನ್ಸಿಲಿನ್ ಆಗಲ್ಲ. ಚಿಕ್ಕವರಿದ್ದಾಗ ಕೊಟ್ಟು ಉಸಿರು ಕಟ್ಟಿಹೋಗಿತ್ತು" ಎಂದೆ.

"ಸದ್ಯ, ಹೇಳಿದ್ದು ಒಳ್ಳೇದಾಯ್ತು" ಎಂದು ಡಾಕ್ಟರು ಬೇರೆ ಔಷಧಿ ಬರೆದರು. "ನೀವು ಮಗಳಾ?" ಎಂದು ನರ್ಸ್ ಕೇಳಿದಳು. ಅಲ್ಲ ಎಂದೆ.

ಹೊರಗೆ ಬಂದು ಕುರ್ಚಿಯಲ್ಲಿ ಕುಳಿತು ನೀರು ಕುಡಿದೆ. ಟ್ರಸ್ಟಿನ ಕಾರ್ಯದರ್ಶಿ ಮೂರ್ತಿಯವರಿಗೆ ಫೋನ್ ಮಾಡಿದೆ. ಅವರು ಗಾಬರಿಯಿಂದ ಏನೇನೋ ಕೇಳುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಪೆನ್ಸಿಲಿನ್ ವಿಷಯ ನನಗೆ ಹೇಗೆ ಗೊತ್ತು? ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಎಷ್ಟು ತಡಕಿದರೂ ನೆನಪಾಗಲಿಲ್ಲ. ನನ್ನದೇ ಮನೆಯ ವಿಷಯದಂತೆ ಅದು ನನಗೆ ಗೊತ್ತಿತ್ತು, ಅಷ್ಟೇ. ಮೂರ್ತಿಯವರನ್ನೇ ಕೇಳಿದೆ. "ನನಗೇ ಗೊತ್ತಿಲ್ವಲ್ಲಮ್ಮ" ಎಂದರು.

ಎರಡು ದಿನ ಬಿಟ್ಟು ನಾಗರತ್ನಮ್ಮ ದಿಂಬಿಗೆ ಒರಗಿ ಕುಳಿತು ನನಗೆ ಎಲ್ಲ ಹೇಳಿದರು. ಹಬ್ಬದ ದಿನ ಒಬ್ಬರೇ ಊಟ ಮಾಡಿ, ಮನೆಯಲ್ಲಿರಲು ಬೇಸರವಾಗಿ ಟ್ರಸ್ಟಿಗೆ ಬಂದಿದ್ದರು. ತಮ್ಮ ಕೀಲಿಯಿಂದ ಒಳಗೆ ಬಂದು, ಬೀದಿಬಾಗಿಲು ಮುಚ್ಚಿ, ಟೇಪುಗಳ ಕೋಣೆಗೆ ಹೋಗಿದ್ದಾರೆ. ಸೆರಗು ಸಿಕ್ಕಿ ಸ್ಟೂಲ್ ಉರುಳಿದೆ, ಬಾಗಿಲು ಬಡಿದುಕೊಂಡಿದೆ. ತಿರುಗುವ ಗಡಿಬಿಡಿಯಲ್ಲಿ ಟೇಪುಗಳ ಕಬ್ಬಿಣದ ರ‍್ಯಾಕಿಗೆ ಬಿದ್ದಿದ್ದಾರೆ. ಫೋನು ಹೊರಗೆ ಮೇಜಿನ ಡ್ರಾಯರಿನಲ್ಲಿ. ಕೂಗಿದರೆ ಸ್ಪೀಕರಿನ ಸದ್ದು. ಆ ಸದ್ದು ನಿಲ್ಲುವ ಹೊತ್ತಿಗೆ ಬೀದಿಯಲ್ಲಿ ಯಾರೂ ಇಲ್ಲ.

"ನಮ್ಮ ಮನೆ ಓನರ್, ನಾನು ತಂಗಿ ಮನೆಗೆ ಹೋಗಿದೀನಿ ಅಂದ್ಕೊಂಡಿದ್ರಂತೆ. ತಂಗಿ, ಮನೇಲಿದೀನಿ ಅಂದ್ಕೊಂಡಿದ್ಲು. ನನ್ನನ್ನ ಯಾರು ಹುಡುಕ್ತಿದ್ರು ಹೇಳಿ?" ಎಂದು ನಕ್ಕರು. ನಾನು ನಗಲಿಲ್ಲ. ನನ್ನನ್ನಾದರೂ ಯಾರು ಹುಡುಕುತ್ತಿದ್ದರು ಎಂದು ಯೋಚಿಸುತ್ತಿದ್ದೆ.

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು, "ನೀವು ಇಲ್ದೇ ಹೋಗಿದ್ರೆ ಆ ರಾತ್ರಿ ಕಳೀತಿರ್ಲಿಲ್ಲ ಕಣ್ರೀ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಪಕ್ಕದ ಕೋಣೆಯಿಂದ ಗೋಡೆ ತಟ್ಟಿದ ಸದ್ದಾಯಿತಂತೆ. ಯಾರು ಎಂದರೆ, "ನಾನೇ ಮೇಡಂ, ಸರ್ವರ್ ನೋಡೋಕೆ ಬಂದಿದೀನಿ" ಎಂದೆನಂತೆ. ಬಾಗಿಲು ತೆಗೆಯಿರಿ ಎಂದರೆ, ಬಾಗಿಲು ಎಲ್ಲಿದೆ ಗೊತ್ತಾಗುತ್ತಿಲ್ಲ, ಹುಡುಕುತ್ತಿದ್ದೇನೆ, ನೀವು ಮಾತಾಡುತ್ತಿರಿ ಎಂದೆನಂತೆ. ಹಾಗೆ ಬೆಳಗಿನವರೆಗೂ, ಬೆಳಗಾದ ಮೇಲೂ ಮಾತು. ಅವರ ಊರು, ಅಡುಗೆ, ಶಾಲೆಯ ದಿನಗಳು. ಪೆನ್ಸಿಲಿನ್ ಚುಚ್ಚಿಸಿಕೊಂಡು ಉಸಿರು ಕಟ್ಟಿದಾಗ ಅವರ ತಂದೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ್ದು.

"ಮೇಡಂ, ನಾನು ಆ ರಾತ್ರಿ ಮಲ್ಲೇಶ್ವರದಲ್ಲಿ ನಮ್ಮನೇಲಿ ಮಲಗಿದ್ದೆ" ಎಂದೆ.

ಅವರು ನನ್ನ ಕೈ ಬಿಟ್ಟು ಹೊದಿಕೆ ಸರಿಮಾಡಿಕೊಂಡರು. "ಹಾಗಾದ್ರೆ ಜ್ವರ ಇರ್ಬೇಕು ಬಿಡಿ" ಎಂದು ನನಗೇ ಸಮಾಧಾನ ಹೇಳುವಂತೆ ಹೇಳಿದರು.

ಜ್ವರವೇ ಇರಬಹುದು. ಮನೆಗೆ ಬಂದು ಸರ್ವರಿನ ದಾಖಲೆಗಳನ್ನೆಲ್ಲ ಜಾಲಾಡಿದೆ. ಅದು ಆ ದಿನ ನನಗೆ ಬೆಳಗಿನ 'ಓಕೆ' ಬಿಟ್ಟು ಏನನ್ನೂ ಕಳಿಸಿರಲಿಲ್ಲ. ಫೋನಿನಲ್ಲಿ ಮಾತ್ರ ಆ ಸಾಲುಗಳು ಹಾಗೇ ಇದ್ದವು, ಈಗಲೂ ಇವೆ. ಇದೇ ಕಸುಬಿನ ಗೆಳೆಯನೊಬ್ಬನಿಗೆ ತೋರಿಸಿದೆ. "ನೀನೇ ಹಾಕಿ ಮರೆತಿರ್ತೀಯ ಬಿಡು. ಪೆನ್ಸಿಲಿನ್ ವಿಷ್ಯಾನೂ ಯಾವಾಗ್ಲೋ ಕಿವಿಗೆ ಬಿದ್ದಿರುತ್ತೆ" ಎಂದ. ಬೇರೆಯವರು ಇದೇ ಕಥೆ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಷ್ಟಕ್ಕೇ ಒಪ್ಪಿಕೊಂಡು ಸುಮ್ಮನಾಗಲೂ ನೋಡಿದೆ.

ನಾಗರತ್ನಮ್ಮ ಮನೆಗೆ ಹೋಗುವ ದಿನ ನಾನೇ ಜೊತೆಗೆ ಹೋಗಿದ್ದೆ. ಹಾಸಿಗೆ ಹಾಸಿ, ಮಾತ್ರೆಗಳನ್ನು ಕೈಗೆಟುಕುವಂತೆ ಇಟ್ಟು, ಹೊರಟು ನಿಂತೆ. ಆಗ ಅವರು, ಹೇಳಲೋ ಬೇಡವೋ ಎಂದು ಅನುಮಾನಿಸುವವರ ಹಾಗೆ, ನಿಧಾನವಾಗಿ ಹೇಳಿದರು.

"ಜ್ವರದಲ್ಲಿ ಕೇಳಿಸಿದ್ದು ಅಂತಾನೇ ಇಟ್ಕೊಳ್ಳಿ. ಆದ್ರೆ ನಾನೊಬ್ಳೇ ಮಾತಾಡಿದ್ದಲ್ಲ, ನೀವೂ ಹೇಳ್ತಿದ್ರಿ. ನಿಮ್ಮ ತಾಯಿಗೆ 'ಇವತ್ತು ರಜ, ಮಲಕ್ಕೋ' ಅಂದ್ರಲ್ಲ, ಒಳ್ಳೇ ಕೆಲಸ ಮಾಡಿದ್ರಿ. ಅದಕ್ಕೆ ಅಳ್ಬಾರ್ದು."

ನಾನು ಮತ್ತೆ ಒಳಗೆ ಬಂದು ಅವರ ಹಾಸಿಗೆಯ ಪಕ್ಕ ಕುಳಿತೆ.

ಅಮ್ಮನಿಗೆ ಕೊನೆಯ ದಿನ ನನ್ನ ಗುರುತು ಹತ್ತಿರಲಿಲ್ಲ. ಚಿಕ್ಕಂದಿನಲ್ಲೇ ತೀರಿಹೋದ ತನ್ನ ಅಕ್ಕ ಎಂದು ನನ್ನನ್ನು ತಿಳಿದು, "ಪದ್ದಕ್ಕ, ಸ್ಕೂಲಿಗೆ ಹೊತ್ತಾಯ್ತಾ?" ಎಂದು ಗಾಬರಿಯಿಂದ ಏಳಲು ನೋಡಿದಳು. ನಾನು ತಲೆ ಸವರಿ, "ಇಲ್ಲ ಕಣೆ, ಇವತ್ತು ರಜ, ಮಲಕ್ಕೋ" ಎಂದೆ. ಅವಳು ಮಲಗಿದಳು, ಮತ್ತೆ ಏಳಲಿಲ್ಲ. ಆಗ ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.