ಕರ್ಣಕುಂಡಲದ ಪಾತಿ

ಚಾಮರಾಜನಗರದ ಹೊರಗಿನ ಸರ್ಕಾರಿ ತೋಟದ ಮಾಲಿ ರಾಚಯ್ಯ ಜ್ವರದಲ್ಲಿ ತೀರಿಕೊಂಡಾಗ ಹೆಂಡತಿ ಚಿಕ್ಕಬಸಮ್ಮನಿಗೆ ಬಿಟ್ಟುಹೋದದ್ದು ಎರಡೇ: ಪಾತಿಗಳಿಗೆ ನೀರು ಹೊಯ್ಯುವ ಕೆಲಸ, ಒಂದು ಕುಡಿಕೆ ಕರ್ಣಕುಂಡಲದ ಬೀಜ. ವರ್ಷವರ್ಷವೂ ಒಳ್ಳೆಯ ಗಿಡ ನೋಡಿ ಬೀಜ ಎತ್ತಿಟ್ಟು, ಎಸಳು ಒತ್ತೊತ್ತಾಗಿ ಬರುವ ನಸುಗೆಂಪು ಹೂವನ್ನು ಅವನು ಬೆಳೆಸಿದ್ದ. ಮಕ್ಕಳಿಲ್ಲದವನಿಗೆ ಅದೇ ಸಂತಾನ ಎಂದು ತೋಟದವರು ನಗುತ್ತಿದ್ದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮರುವರ್ಷ, ಹೊಸ ಕಟ್ಟಡಗಳ ಮುಂದೆ ನೆಡಲು ಬಿಸಿಲಿಗೆ ಬಾಡದ ಹೂಗಿಡ ಯಾವುದೆಂದು ಪರೀಕ್ಷೆ ನಡೆಯಿತು. ತೋಟದ ಸಾಹೇಬರು ನಂಜುಂಡಪ್ಪ ನೆರಳೇ ಬೀಳದ ಬಯಲಿನಲ್ಲಿ ಪಾತಿ ಮಾಡಿಸಿ ಜೀನಿಯ, ಚೆಂಡುಹೂ, ಕೋಳಿಜುಟ್ಟು ನೆಡಿಸಿದರು. ಒಂದು ಪಾತಿಯಲ್ಲಿ ರಾಚಯ್ಯನ ಹೂವೂ ಇರಲಿ ಎಂದು ತಾವಾಗಿಯೇ ಅಂದರು. ಎಲ್ಲಕ್ಕೂ ಒಂದೇ ಅಳತೆ ನೀರು, ಯಾವುದಕ್ಕೂ ಬೇರೆ ಆರೈಕೆ ಕೂಡದೆಂದು ಕಟ್ಟಪ್ಪಣೆ.

"ಇದು ಗೆದ್ದರೆ ನಿನ್ನ ಗಂಡನ ಹೂವು ಗುಂಡ್ಲುಪೇಟೆಯ ಹೊಸ ಸರ್ಕಾರಿ ಬಂಗಲೆ ಮುಂದೆ ಅರಳ್ತದೆ ಕಣಮ್ಮ."

ಆ ಮಾತು ಅವಳ ಎದೆಯಲ್ಲಿ ನಾಟಿಬಿಟ್ಟಿತು. ರಾಚಯ್ಯನದೆಂದು ಹೇಳಲು ಭೂಮಿಯ ಮೇಲೆ ಅಷ್ಟಾದರೂ ಉಳಿಯಲಿ ಎಂಬುದೊಂದೇ ಅವಳ ಆಸೆ.

ನಡುಹಗಲಿಗೆ ಕರ್ಣಕುಂಡಲ ಕತ್ತು ಬಗ್ಗಿಸಿತು. ಪಕ್ಕದ ಚೆಂಡುಹೂ ಮಾತ್ರ ಸೊಕ್ಕಿನಿಂದ ನಿಂತಿತ್ತು. ನಮ್ಮ ಸೀಮೆಯಲ್ಲಿ ಮೆಣಸಿನ ಸಸಿ, ಹೊಗೆಸೊಪ್ಪಿನ ಸಸಿ ನೆಟ್ಟವರು ಬೇರು ಹಿಡಿಯುವ ತನಕ ಪಕ್ಕದಲ್ಲಿ ಹೊಂಗೆ ಟೊಂಗೆ ಚುಚ್ಚಿ ನೆರಳು ಮಾಡುತ್ತಾರೆ. ಅಂಥ ಮನೆಯಲ್ಲಿ ಬೆಳೆದವಳು ಬಾಡಿದ ಸಸಿ ನೋಡಿ ಕೈಕಟ್ಟಿ ನಿಲ್ಲುವುದುಂಟೆ? ಸಾಹೇಬರು ಊಟಕ್ಕೆ ಹೋಗಿ, ಮಿಕ್ಕ ಆಳುಗಳು ಹುಣಸೆ ಮರದಡಿ ಒರಗಿದೊಡನೆ ಟೊಂಗೆ ಚುಚ್ಚಿದಳು. ಸಾಹೇಬರು ಬರುವಷ್ಟರಲ್ಲಿ ಕಿತ್ತು ಬೇಲಿಯಾಚೆ ಎಸೆದಳು. ಬೇಸಗೆ ಮುಗಿಯುವ ತನಕ ದಿನವೂ ಇದೇ ಆಯಿತು.

"ಯಾಕಪ್ಪ ಹಿಂಗ್ ಬಗ್ಗೋಯ್ತೀಯೆ? ನಿಮ್ಮಯ್ಯನ ಮಾನ ಕಳೀಬ್ಯಾಡ ಕಣಪ್ಪ," ಎಂದು ಗಿಡವನ್ನು ಗದರುತ್ತಿದ್ದಳು.

ಬಾಡದೆ ನಿಂತು ಎಲ್ಲಕ್ಕಿಂತ ಹೆಚ್ಚು ಹೂ ಬಿಟ್ಟದ್ದರಿಂದ ಕೊನೆಗೆ ಕರ್ಣಕುಂಡಲವೇ ಮೊದಲೆಂದು ತೀರ್ಮಾನವಾಯಿತು. ಗಂಡನನ್ನು ಮಣ್ಣುಮಾಡಿದ ಜಾಗಕ್ಕೆ ಹೋಗಿ ಅವಳು ಮನಸಾರೆ ಅತ್ತು ಬಂದಳು. ಅವನು ಸತ್ತ ಮೇಲೆ ಅವಳಿಗೆ ಸಿಕ್ಕ ಸುಖ ಅದೊಂದೇ. ಮುಂದಿನ ಬೇಸಗೆಗೆ ಕುಡಿಕೆಯದು, ಪಾತಿಯದು ಎಲ್ಲ ಬೀಜವನ್ನೂ ಒಂದು ಕಾಳು ಉಳಿಸದೆ ಸಸಿ ಮಾಡಿ, ಗುಂಡ್ಲುಪೇಟೆಯ ಬಂಗಲೆಯ ಮುಂದೆ ಸಾಲುಸಾಲಾಗಿ ನೆಟ್ಟರು. ಬಂಡೀಪುರಕ್ಕೆ ಹೋಗುವ ದೊಡ್ಡವರ ಕಾರುಗಳು ಅಲ್ಲಿ ನಿಲ್ಲುತ್ತಿದ್ದವು.

ಅಲ್ಲಿ ಟೊಂಗೆ ಚುಚ್ಚುವವರು ಯಾರಿದ್ದರು? ನೀರು ಹೊಯ್ದರೂ ಸಸಿಗಳು ಸೀದು ಕರಿಕಾದವು. ಬಂಗಲೆಗೆ ಬಂದ ಯಾರೋ ದೊಡ್ಡವರು ಛೀಮಾರಿ ಹಾಕಿದರು. ನಂಜುಂಡಪ್ಪ ಚಿಕ್ಕಬಸಮ್ಮನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಗಿಡಗಳನ್ನೆಲ್ಲ ಕೀಳಲು ಹೇಳಿದರು.

"ಬೀಜವೇ ಸರಿಯಿಲ್ಲ. ರಾಚಯ್ಯನಿಗೆ ಬೀಜ ಆರಿಸೋದೇ ಗೊತ್ತಿರಲಿಲ್ಲ," ಎಂದರು.

ಅವಳಿಗೆ ಜೀವ ಹೋದಂತಾಯಿತು. ಇರುವ ಕೆಲಸ ಹೋದರೂ ಹೋಗಲಿ ಎಂದು ಬಾಯಿಬಿಟ್ಟಳು. "ಅವುರ್ದೇನೂ ತೆಪ್ಪಿಲ್ಲ ಬುದ್ದಿ. ನಾನೇ ಪಾಪಿ. ದಿನಾ ಮದ್ಯಾನ ಹೊಂಗೆ ಟೊಂಗೆ ಚುಚ್ಚಿ ನೆಳ್ಳು ಮಾಡ್ಬುಟ್ಟೆ."

ನಂಜುಂಡಪ್ಪ ಕೆಟ್ಟವರಾಗಿದ್ದರೆ ಬೈದು ಓಡಿಸುತ್ತಿದ್ದರೇನೋ. ಅವರ ಕಣ್ಣು ತೇವವಾಯಿತು. "ಸತ್ತವನ ತಪ್ಪನ್ನ ನಿನ್ನ ತಲೆಗೆ ಕಟ್ಟಿಕೊಳ್ತೀಯಲ್ಲಮ್ಮ! ನಿನ್ನಂಥ ಹೆಂಡತೀನ ಪಡೆಯೋಕೆ ಅವನು ಪುಣ್ಯ ಮಾಡಿದ್ದ. ನಾನೇ ಕಣ್ಣಾರೆ ನೋಡಿದ್ದೀನಿ, ನೆರಳು ಎಲ್ಲಿತ್ತು?"

"ಮಾದಪ್ಪನಾಣೆ ಬುದ್ದಿ..."

"ಸುಳ್ಳಿಗೆ ದೇವರ ಹೆಸರೆತ್ತಬೇಡ," ಎಂದು ಅವರು ಮೆಲ್ಲಗೆ ಗದರಿ ಬಂಗಲೆಯ ಒಳಗೆ ಹೋದರು.

ಅವಳು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಿಡ ಕೀಳುತ್ತ, ಎಲೆ ಸರಿಸಿ ಸರಿಸಿ ಬುಡದ ತನಕ ನೋಡಿದಳು. ಬೀಜ ಕಟ್ಟುವಷ್ಟು ಒಂದೂ ಬೆಳೆದಿರಲಿಲ್ಲ.