ನಾನು ಹಾರದ ಕಾಲುವೆ

ಆ ವಾರ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನನ್ನ ಫೋಟೊ ಬಂದಿತ್ತು. ‘ಕಾಲುವೆಗೆ ಹಾರಿ ವೃದ್ಧನ ಜೀವ ಉಳಿಸಿದ ಶಿಕ್ಷಕ’ ಎಂದು ತಲೆಬರಹ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಭಾವೈಕ್ಯ ಮೆರೆದ ಪಿಟಿ ಮಾಸ್ತರ್’ ಎಂದಿತ್ತು. ಫೋಟೊದಲ್ಲಿ ನಾನು ಮೊಣಕಾಲಿನವರೆಗೆ ತೊಯ್ದು, ನಮ್ಮೂರ ಮಸೀದಿಯಲ್ಲಿ ಆಜಾನ್ ಕೂಗುವ ಹಿರಿಯರನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಿದ್ದೆ. ಫೋಟೊ ಸುಳ್ಳಲ್ಲ. ಆದರೆ ನಾನು ಕಾಲುವೆಗೆ ಹಾರಿರಲಿಲ್ಲ. ನನಗೆ ಈಜು ಬರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೇವೂರಿನಲ್ಲಿ. ಎರೆಹೊಲದ ಊರು. ಓಡುವುದು, ಖೊಖೊ, ಕಬಡ್ಡಿ ಎಲ್ಲ ಮಣ್ಣಿನಲ್ಲೇ ಕಲಿತೆವು. ಈಜು ಕಲಿಯುವಷ್ಟು ನೀರನ್ನು ಒಂದೇ ಕಡೆ ಕಂಡವರು ನಮ್ಮಲ್ಲಿ ಕಡಿಮೆ. ಕುಷ್ಟಗಿ ಕಡೆಯ ಸಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿ, ವರ್ಗವಾಗಿ ಗಂಗಾವತಿ ತಾಲ್ಲೂಕಿನ ಈ ಭತ್ತದ ಊರಿಗೆ ಬಂದಾಗ, ಬಾಡಿಗೆ ಮನೆಯ ಹತ್ತಿರವೇ ಕಾಲುವೆ ತುಂಬಿ ಹರಿಯುವುದನ್ನು ನೋಡಿ ಹೆಂಡತಿ ಹಿಗ್ಗಿದಳು. ನನಗೆ ಒಳಗೊಳಗೇ ಹೆದರಿಕೆ. ಆಟ ಕಲಿಸುವ ಮಾಸ್ತರನಿಗೆ ಈಜು ಬರುವುದಿಲ್ಲ ಎಂದು ನಾನಾಗಿ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ನಾಟಿಯ ದಿನಗಳವು. ಗದ್ದೆಯಿಂದ ಗದ್ದೆಗೆ ಹೋಗುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯ ಕೆಸರನ್ನೆಲ್ಲ ಕಾಲುವೆ ದಂಡೆಯ ರಸ್ತೆಯ ಮೇಲೆ ಉದುರಿಸಿಕೊಂಡು ಹೋಗುತ್ತವೆ. ಭಾನುವಾರ ಸಂಜೆ ನಾನು ಬೈಕಿನಲ್ಲಿ ಬರುತ್ತಿದ್ದೆ. ಎದುರಿಗೆ ಆಜಾನ್ ಕೂಗುವ ಆ ಹಿರಿಯರು ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅವರು ದರ್ಜಿಯ ಕೆಲಸದವರು; ನಮ್ಮ ಸಾಲೆಯ ಹುಡುಗಿಯರ ಖೊಖೊ ತಂಡಕ್ಕೆ ಅಂಗಿ ಹೊಲಿದುಕೊಟ್ಟವರು. ಊರಿನ ಎಲ್ಲರಂತೆ ನಾನೂ ಅವರನ್ನು ಚಾಚಾ ಎನ್ನುತ್ತಿದ್ದೆ. ಸಲಾಂ ಮಾಡಲು ಒಂದು ಕೈ ಎತ್ತಿದರೋ ಏನೋ, ಕೆಸರಿನಲ್ಲಿ ಗಾಲಿ ಜಾರಿತು. ಮೊಪೆಡ್ ದಂಡೆಯ ಮೇಲೆ ಬಿತ್ತು, ಚಾಚಾ ನೀರಿಗೆ ಬಿದ್ದರು.

ನಾನು ಬೈಕು ಚೆಲ್ಲಿ ಓಡಿದೆ. ಓಡಿ, ದಂಡೆಯ ತುದಿಯಲ್ಲಿ ನಿಂತುಬಿಟ್ಟೆ. ಕಾಲು ಮುಂದಕ್ಕೆ ಹೋಗಲಿಲ್ಲ. ಅವರ ಬಿಳಿ ಟೋಪಿ ಒಂದು ಕಡೆ ತೇಲಿಕೊಂಡು ಹೊರಟಿತ್ತು, ತಲೆ ಇನ್ನೊಂದು ಕಡೆ ಮುಳುಗಿ ಏಳುತ್ತಿತ್ತು. ‘ಯಾರರ ಬರ್ರೀ’ ಎಂದು ಕೂಗುತ್ತಿದ್ದದ್ದು ನಾನೇ.

ಸ್ವಲ್ಪ ಕೆಳಗೆ, ಕಾಲುವೆಗೆ ಇಳಿಯುವ ಮೆಟ್ಟಿಲಿನ ಹತ್ತಿರ, ನಾಟಿ ಮುಗಿಸಿ ಬಂದ ಕೂಲಿಯ ಹೆಣ್ಣುಮಗಳೊಬ್ಬಳು ಸೀರೆಯ ಮೇಲೆ ತೊಡುವ ಗಂಡಸರ ಅಂಗಿಯನ್ನು ಬಿಚ್ಚಿ ಕೆಸರು ತೊಳೆಯುತ್ತಿದ್ದಳು. ನನ್ನ ಕೂಗು ಕೇಳಿ ತಲೆ ಎತ್ತಿದವಳು, ನೀರಿನ ಕಡೆ ನೋಡಿದ್ದೇ ತಡ, ಮೈಮೇಲಿನ ಸೀರೆಯನ್ನು ಸರಸರ ಬಿಚ್ಚಿದಳು. ದಂಡೆಗುಂಟ ಓಡಿಬಂದ ನನ್ನ ಕೈಗೆ ಒಂದು ತುದಿಯನ್ನು ತುರುಕಿ, ಇನ್ನೊಂದನ್ನು ಮುಂಗೈಗೆ ಸುತ್ತಿಕೊಂಡು ನೀರಿಗೆ ಧುಮುಕಿದಳು. ಚಾಚಾರ ಕೊರಳಪಟ್ಟಿಗೆ ಕೈ ಹಾಕಿ ಹಿಡಿದಳು. ಸೀರೆ ಹಗ್ಗದಂತೆ ಬಿಗಿಯಿತು.

ಇಲ್ಲಿ ನಡೆದ ಒಂದು ಸಂಗತಿಯನ್ನು ನಾನು ಮೊದಲಿಗೆ ಹೆಂಡತಿಗೂ ಹೇಳಿರಲಿಲ್ಲ. ಲಂಗ, ಕುಪ್ಪಸದಲ್ಲಿ ನೀರಿನಲ್ಲಿದ್ದ ಅವಳನ್ನು ಕಂಡು ನನಗೆ ನಾಚಿಕೆಯಾಗಿ ನಾನು ಮುಖ ತಿರುಗಿಸಿದೆ. ತಿರುಗಿಸಿದ ಗಳಿಗೆಯಲ್ಲಿ ಕೈ ಸಡಿಲಾಗಿ ಸೀರೆ ಬೆರಳುಗಳ ನಡುವೆ ತುದಿಯವರೆಗೂ ಜಾರಿತು. ಇಬ್ಬರೂ ಸೆಳವಿನೊಳಗೆ ಒಂದಿಷ್ಟು ದೂರ ಹೋದರು.

“ಮಾರಿ ಏನ್ ತಿರುವ್ತೀರಿ? ಈ ಕಡೆ ನೋಡಿ ಜಗ್ಗ್ರೀ!” ಎಂದು ಅವಳು ಚೀರಿದಳು.

ನೋಡಿ ಜಗ್ಗಿದೆ. ಮೆಟ್ಟಿಲಿಳಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಇಬ್ಬರನ್ನೂ ಎಳೆದುಕೊಂಡೆ. ಚಾಚಾ ನೀರು ಕಕ್ಕಿ ಕೆಮ್ಮತೊಡಗಿದಾಗ ಅವಳು ತೊಯ್ದ ಸೀರೆಯನ್ನು ಹೇಗೋ ಮೈಗೆ ಸುತ್ತಿಕೊಳ್ಳುತ್ತಿದ್ದಳು. ದೂರದಲ್ಲಿ ಜನ ಓಡಿಬರುವುದು ಕಾಣಿಸಿತು.

“ಸರ್, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಹೆಸರು ತಗಿಬ್ಯಾಡ್ರಿ,” ಎಂದಳು. “ಹಿಂಗ ಸೀರಿ ಬಿಚ್ಚಿ ನಿಂತಿದ್ಲು ಅಂತ ಮಂದಿ ಆಡಿಕೊಂಡ್ರ, ನಾಳಿಂದ ನನ್ನ ಗಂಡ ಕೂಲಿಗೆ ಕಳಸಂಗಿಲ್ಲ.”

ನಾನು ಹೂಂ ಎಂದೆ. ಅವಳು ಗದ್ದೆಯ ಬದುವಿನ ಮೇಲೆ ಹಾಯ್ದು ಹೋದಳು. ಓಡಿಬಂದ ಜನಕ್ಕೆ ಕಂಡದ್ದು ತೊಯ್ದ ಮಾಸ್ತರ್, ಬದುಕಿದ ಮುದುಕ. “ಸರ್ ತಗದ್ರು, ಸರ್ ತಗದ್ರು” ಎಂದು ಅವರೇ ಹೇಳಿದರು. ಅವರೊಳಗೆ ಒಬ್ಬ ಪತ್ರಿಕೆಗೆ ಸುದ್ದಿ ಕಳಿಸುವವನು. ಫೋಟೊ ತೆಗೆದು, “ಹಾರುವಾಗ ಏನನಸ್ತು ಸರ್?” ಎಂದು ಕೇಳಿದ. “ಏನೂ ಅನಿಸಲಿಲ್ಲಪಾ” ಎಂದೆ. ಹಾರಲಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಹಾಗಾದರೆ ಯಾರು ತೆಗೆದರು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಅದಕ್ಕೆ ಹೆದರಿ ಸುಮ್ಮನಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಪೂರ್ತಿ ನಿಜ ಅದಲ್ಲ. ಸುದ್ದಿ ಬಂದ ಮುಂಜಾನೆ ಬಸ್ ಸ್ಟ್ಯಾಂಡಿಗೆ ಹೋಗಿ ಪತ್ರಿಕೆ ಕೊಂಡವನು ಒಂದಕ್ಕೆ ನಿಲ್ಲಲಿಲ್ಲ, ಕೈಗೆ ಹಿಡಿಸುವಷ್ಟು ಕೊಂಡೆ. ಬೇವೂರಿನ ಅಣ್ಣನಿಗೆ ಫೋಟೊ ಕಳಿಸಿದೆ. ಅವನು ತಕ್ಷಣ ಫೋನ್ ಮಾಡಿದ.

“ನಮ್ಮ ಮನ್ಯಾಗ ಯಾರಿಗೂ ಈಜು ಬರಂಗಿಲ್ಲಲ್ಲೋ ತಮ್ಮಾ. ನಿನಗ ಯಾವಾಗ ಬಂತು?”

ನಾನು ನಕ್ಕೆ. ಅವನೂ ನಕ್ಕ. “ಇರಲಿ, ಛಲೋ ಆತು” ಎಂದು ಅವನೇ ಫೋನ್ ಇಟ್ಟ.

ಸಾಲೆಯ ಪ್ರಾರ್ಥನೆಯಲ್ಲಿ ದಿನವೂ ಒಬ್ಬ ವಿದ್ಯಾರ್ಥಿ ಪತ್ರಿಕೆಯ ಸುದ್ದಿ ಓದುತ್ತಾನೆ. ಆ ಪದ್ಧತಿ ತಂದವನೇ ನಾನು. ಅವತ್ತು ಓದುವ ಸರದಿಯ ಹುಡುಗಿ ದೇಶದ ಸುದ್ದಿ, ಜಲಾಶಯದ ನೀರಿನ ಸುದ್ದಿ, ಕ್ರಿಕೆಟ್ ಸುದ್ದಿ ಓದಿ, ಕೊನೆಗೆ ಗಂಟಲು ಸರಿಮಾಡಿಕೊಂಡು ನನ್ನ ಸುದ್ದಿ ಓದಿದಳು. “ತಮ್ಮ ಪ್ರಾಣದ ಹಂಗು ತೊರೆದು ತುಂಬಿ ಹರಿಯುತ್ತಿದ್ದ ಕಾಲುವೆಗೆ ಜಿಗಿದ...” ಮಕ್ಕಳು ಚಪ್ಪಾಳೆ ಹೊಡೆದರು. ಸಾಲಿನಲ್ಲಿ ನೆಟ್ಟಗೆ ನಿಲ್ಲಿರೆಂದು ಗದರುವ ನಾನು ನೆಲ ನೋಡುತ್ತಾ ನಿಂತಿದ್ದೆ. ಆ ಹೆಣ್ಣುಮಗಳ ಮಕ್ಕಳೂ ಇಲ್ಲೇ ಎಲ್ಲೋ ನಿಂತಿರಬಹುದು ಎಂದು ಆಗ ಹೊಳೆಯಿತು. ಅವಳ ಮನೆ ಯಾವ ಓಣಿಯಲ್ಲಿ, ಅವಳಿಗೆ ಮಕ್ಕಳೆಷ್ಟು ಎಂದು ನಾನು ವಿಚಾರಿಸಿಯೇ ಇರಲಿಲ್ಲ.

ಸೋಮವಾರ ತಪ್ಪದೆ ಈಶ್ವರನ ಗುಡಿಗೆ ಹೋಗುವವನು ನಾನು. ಆ ಸಂಜೆಯೂ ಹೋದೆ. ಪೂಜಾರಿ ಮೊದಲ ಮಂಗಳಾರತಿಯನ್ನು ನನಗೇ ತಂದರು. “ನಿಮ್ಮಂಥವರ ಕೈಗೆ ದೇವರ ಬಲ ಐತ್ರಿ” ಎಂದರು. ಕೈ ಚಾಚಿದ್ದೆ, ಉರಿಯ ಮೇಲೆ ಹಿಡಿಯಲಾಗದೆ ಹಿಂದಕ್ಕೆ ತೆಗೆದುಕೊಂಡೆ. ಬಿಸಿ ತಾಗಿತೆಂದು ಅವರು ತಿಳಿದರು. ದೇವರ ಮುಂದೆ ಕೂತು ಬೇಡಿಕೊಳ್ಳಲು ಏನೂ ತೋಚದೆ ಎದ್ದುಬಂದೆ.

ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿ ಕಮಿಟಿಯವರು ನನ್ನನ್ನು ಕರೆಸಿಕೊಂಡರು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ಖರ್ಜೂರ ಕೊಟ್ಟರು. ಎರಡು ಮಾತಾಡಿರಿ ಎಂದರು. ಬರುವಾಗಲೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ.

“ನಾನು ಹಾರಿಲ್ರಿ,” ಎಂದೆ. “ನನಗ ಈಜು ಬರಂಗಿಲ್ಲ. ದಂಡ್ಯಾಗ ನಿಂತು ಜಗ್ಗೀನಿ ಅಷ್ಟ.”

ಕಮಿಟಿಯ ಹಿರಿಯರೊಬ್ಬರು ನಕ್ಕು, “ನೋಡ್ರಿ, ಎಷ್ಟು ದೊಡ್ಡ ಗುಣ! ಮಾಡಿದ್ದನ್ನೂ ಮಾಡಿಲ್ಲ ಅಂತಾರ” ಎಂದರು. ಎಲ್ಲರೂ ತಲೆದೂಗಿದರು. ನಿಜ ಹೇಳಿದ್ದಕ್ಕೆ ನನ್ನ ಹೆಸರು ಇನ್ನಷ್ಟು ದೊಡ್ಡದಾಯಿತು. ಚಾಚಾ ಮಾತ್ರ ತಲೆದೂಗಲಿಲ್ಲ. ಮೂಲೆಯಲ್ಲಿ ಕೂತು ಚಾಪೆಯ ಎಳೆ ಕೀಳುತ್ತಿದ್ದರು.

ನನ್ನನ್ನು ಬಾಗಿಲವರೆಗೆ ಕಳಿಸಲು ಅವರೇ ಬಂದರು. ಚಪ್ಪಲಿ ಮೆಟ್ಟುತ್ತಿದ್ದಾಗ ಮೆಲ್ಲಗೆ ಹೇಳಿದರು:

“ಮಾಸ್ತರ, ನನ್ನ ಕೊಳ್ಳಪಟ್ಟಿಗೆ ಬಿದ್ದ ಕೈಯಾಗ ಬಳಿ ಇದ್ದವು.”

ನಾನು ಇನ್ನೊಂದು ಚಪ್ಪಲಿ ಮೆಟ್ಟದೆ ಹಾಗೇ ನಿಂತೆ. “ನಿಮಗ ಗೊತ್ತಿತ್ತೇನ್ರಿ ಚಾಚಾ?”

“ಗೊತ್ತಿತ್ತು. ದಂಡಿಗೆ ಬಂದು ಕಣ್ಣು ತಗದಾಗ ಆಕಿ ಮಾರಿ ನೋಡೀನಿ. ನಮ್ಮ ಮನಿಯಾಕಿ ಅವರ ಮನಿಗೆ ಹೋಗಿ, ಆಕಿ ಕೈ ಹಿಡಕೊಂಡು ಅತ್ತು ಬಂದಾಳ. ಆಕಿ ಒಂದ ಮಾತು ಹೇಳಿ ಕಳಿಸ್ಯಾಳ, ಯಾರ ಮುಂದೂ ಅನ್ನಬ್ಯಾಡ್ರಿ ಅಂತ. ಅಲ್ಲಾನ ಮುಂದ ಅಂದೀನಿ. ಮಂದಿ ಮುಂದ ಅನ್ನಂಗಿಲ್ಲ.” ಬಾಗಿಲ ಚೌಕಟ್ಟಿಗೆ ಕೈ ಊರಿ, “ಜೀವ ಕೊಟ್ಟಾಕಿಗೆ ಎದುರಿಗೆ ನಿಂತು ಶುಕರ್ ಹೇಳಾಕೂ ಆಗವಲ್ದು. ಈ ವಯಸ್ಸಿನ್ಯಾಗ ನನಗ ಇದೇನ್ ನಾಚಿಕಿ ಬಂತ್ರಿ ಮಾಸ್ತರ” ಎಂದರು.

ಮನೆಗೆ ಬಂದು ಶಾಲನ್ನು ಹೆಂಡತಿಯ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದೆ. ಮುಖ ತಿರುಗಿಸಿದ್ದನ್ನೂ ಹೇಳಿದೆ. ಅವಳು ಶಾಲನ್ನು ಮಡಚಿಡುತ್ತಾ, “ಆಕಿ ಚೀರದಿದ್ರ ಏನಾಕ್ಕಿತ್ತು?” ಎಂದಳು.

ಶನಿವಾರ ಗಂಗಾವತಿಯಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ. ನಮ್ಮ ಹುಡುಗಿಯರು ಖೊಖೊದಲ್ಲಿ ಫೈನಲ್ ಗೆದ್ದರು. ಬೇರೆ ವರ್ಷವಾದರೆ ನಾನು ಮೈದಾನದ ತುಂಬ ಕುಣಿದಾಡುತ್ತಿದ್ದೆ. ಬಹುಮಾನದ ಹೊತ್ತಿಗೆ ಇಲಾಖೆಯ ಅಧಿಕಾರಿ ಮೈಕಿನಲ್ಲಿ ನನ್ನನ್ನು ವೇದಿಕೆಗೆ ಕರೆದು, ಮತ್ತೊಂದು ಶಾಲು ಹೊದಿಸಿ, “ಕೊಪ್ಪಳದ ಜಿಲ್ಲಾ ಕೂಟಕ್ಕೆ ಈ ಸಲ ತಾಲ್ಲೂಕಿನ ಈಜು ತಂಡವನ್ನು ಇವರೇ ತಯಾರು ಮಾಡಿ ಕರೆದೊಯ್ಯಲಿದ್ದಾರೆ” ಎಂದು ಸಾರಿದರು. ಚಪ್ಪಾಳೆ ಬಿತ್ತು. ನನ್ನ ಹುಡುಗಿಯರು ಎಲ್ಲರಿಗಿಂತ ಜೋರಾಗಿ ಹೊಡೆದರು.

ನನಗೆ ನೀರಿನಲ್ಲಿ ಕೈ ಬಡಿಯುವ ಮಕ್ಕಳು ಕಂಡರು. ಅವರಲ್ಲಿ ಒಬ್ಬರು ಮುಳುಗಿದರೆ ಮತ್ತೆ ದಂಡೆಯ ಮೇಲೆ ನಿಂತು ಕೂಗುವವನು ನಾನೇ. ಇನ್ನು ನಾಚಿಕೆ ಪಡುತ್ತಾ ಕೂರುವಂತಿರಲಿಲ್ಲ.

ಶಾಮಿಯಾನದ ಹಿಂದೆ ಅಧಿಕಾರಿ ಚಹಾ ಕುಡಿಯುತ್ತಿದ್ದರು. ಸುತ್ತ ಬೇರೆ ಸಾಲೆಗಳ ಪಿಟಿ ಮಾಸ್ತರುಗಳು. ಅವರು ಚದುರಲಿ ಎಂದು ಕಾದೆ, ಚದುರಲಿಲ್ಲ. ಹೋಗಿ ಎಲ್ಲರ ಎದುರಿಗೇ ಹೇಳಿದೆ: “ಸರ್, ನನಗ ಈಜು ಬರಂಗಿಲ್ಲ. ಈ ಜವಾಬ್ದಾರಿ ಬ್ಯಾರೆಯವರಿಗೆ ಕೊಡ್ರಿ.”

“ತಮಾಷಿ ಮಾಡಬ್ಯಾಡ್ರಿ. ಮತ್ತ ಕಾಲುವಿಗೆ ಹೆಂಗ ಹಾರಿದ್ರಿ?”

“ಹಾರಿಲ್ರಿ ಸರ್. ದಂಡ್ಯಾಗ ನಿಂತಿದ್ದೆ.”

ಅವರು ಚಹಾದ ಕಪ್ ಕೆಳಗಿಟ್ಟರು. “ಹಂಗಾರ ಆ ಮುದುಕನ್ನ ತಗದವರು ಯಾರು?”

ಬದುವಿನ ಮೇಲೆ ತೊಯ್ದ ಸೀರೆಯಲ್ಲಿ ಓಡಿಹೋದವಳು ಕಣ್ಣ ಮುಂದೆ ಬಂದಳು. “ಗೊತ್ತಿಲ್ರಿ,” ಎಂದೆ.

“ಗೊತ್ತಿಲ್ಲ? ನೀವು ಅಲ್ಲೇ ನಿಂತಿದ್ರಿ, ತಗದವರು ಯಾರಂತ ಗೊತ್ತಿಲ್ಲ. ಪೇಪರಿನ್ಯಾಗ ಹೆಸರು ಹಾಕಿಸ್ಕೊಳಾಕ ಮಾತ್ರ ಗೊತ್ತೈತಿ.” ಅವರು ದನಿ ಎತ್ತಲಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತೇನೋ. “ಮಕ್ಕಳಿಗೆ ಏನ್ ಕಲಸ್ತೀರಿ ನೀವು?”

ಯಾರೋ ಒಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಾನು ಹೆಗಲ ಮೇಲಿದ್ದ ಶಾಲನ್ನು ಮಡಚಿ ಮೇಜಿನ ಮೇಲಿಟ್ಟು ಹೊರಬಂದೆ. ಕಪ್ ಹಿಡಿದು ಕುಣಿಯುತ್ತಿದ್ದ ಹುಡುಗಿಯರನ್ನು ಬಸ್ಸಿಗೆ ಹತ್ತಿಸಿ, ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತೆ.

ಮಾತು ನಮಗಿಂತ ಮೊದಲೇ ಊರು ಮುಟ್ಟಿತ್ತು. ಪತ್ರಿಕೆಯವನು ಫೋನ್ ಮಾಡಿ, ನನ್ನಿಂದ ಅವನ ಮರ್ಯಾದೆ ಹೋಯಿತೆಂದು ಬೈದ. ಪಿಟಿ ಮಾಸ್ತರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬಕೆಟ್ಟಿನಲ್ಲಿ ಈಜುವವನ ಚಿತ್ರ ಹಾಕಿದರು. ಪ್ರಾರ್ಥನೆಯಲ್ಲಿ ನನ್ನ ಪಕ್ಕ ನಿಲ್ಲುವ ಮುಖ್ಯೋಪಾಧ್ಯಾಯರು ಒಂದಿಷ್ಟು ದಿನ ಆಚೆ ನಿಂತರು. ಬೆನ್ನ ಹಿಂದೆ ಸುಳ್ಳ ಎನಿಸಿಕೊಳ್ಳುವುದು ಕಷ್ಟವೇ. ಆದರೂ ಪ್ರಾರ್ಥನೆಯ ಚಪ್ಪಾಳೆ ಕೇಳುತ್ತಾ ನಿಂತಾಗ ಆದಷ್ಟು ಸಂಕಟ ಇದರಿಂದ ಆಗಲಿಲ್ಲ.

ಮುಂದಿನ ವಾರ ಒಂದು ಸಂಜೆ, ಗದ್ದೆಯಿಂದ ಬರುವ ಹೆಂಗಸರ ಗುಂಪು ಮುಂದೆ ಹೋದ ಮೇಲೆ ಅವಳು ನಮ್ಮ ಮನೆಯ ಮುಂದೆ ನಿಂತಳು. ಒಳಗೆ ಕರೆದರೂ ಬರಲಿಲ್ಲ. ಹೆಂಡತಿ ನೀರು ತಂದುಕೊಟ್ಟಳು.

“ನನ್ನ ಸಲುವಾಗಿ ನೀವು ಮಂದಿ ಬಾಯಾಗ ಬಿದ್ರಿ ಸರ್,” ಎಂದಳು. “ನಿಮಗ ಭಾಳ ತ್ರಾಸ ಆಗಿದ್ರ ಹೇಳಿಬಿಡ್ರಿ. ಆಗಿದ್ದು ಆಗಲಿ.”

“ಬ್ಯಾಡ ತಂಗಿ. ನೀನು ಕೆಲಸಕ್ಕ ಹೋಗೂದು ನಿಲ್ಲಬಾರದು,” ಎಂದೆ. ಆಮೇಲೆ, ಕೇಳಲೋ ಬೇಡವೋ ಎಂದು ಹಿಂಜರಿದು, ಊರು, ಹೆಸರು ತಿಳಿಯದಂತೆ ಇದನ್ನು ಎಂದಾದರೂ ಬರೆಯಬಹುದೇ ಎಂದು ಕೇಳಿದೆ. ಅವಳಿಗೆ ನಗು ಬಂತು.

“ಬರಕೊಳ್ರಿ. ಓದಾಕ ನನ್ನ ಗಂಡಗ ಎಲ್ಲಿ ಪುರುಸೊತ್ತೈತಿ!” ಎಂದು ಚೊಂಬು ತಿರುಗಿ ಕೊಟ್ಟು, ಮುಂದೆ ಹೋದವರನ್ನು ಕೂಡಿಕೊಳ್ಳಲು ಬಿರಬಿರನೆ ನಡೆದಳು.

ಈಜು ತಂಡವನ್ನು ಆ ವರ್ಷ ಬೇರೊಬ್ಬರು ಕೊಪ್ಪಳಕ್ಕೆ ಕರೆದೊಯ್ದರು. ಈಗಲೂ ತಾಲ್ಲೂಕಿನ ಮೈದಾನದಲ್ಲಿ ನನ್ನನ್ನು ಕಂಡರೆ ಒಬ್ಬರಿಬ್ಬರು “ಈಜಿನ ಮಾಸ್ತರ್ ಬಂದ್ರು” ಎನ್ನುತ್ತಾರೆ. ನನ್ನ ಹುಡುಗಿಯರಿಗೂ ಅದು ಕೇಳಿಸುತ್ತದೆ. ನಾನು ತಲೆ ತಗ್ಗಿಸಿ ಸೀಟಿ ಊದಿ ಆಟ ಶುರು ಮಾಡುತ್ತೇನೆ.